ಓದುಗರ ಪ್ರಶ್ನೆ: ವಿಠ್ಠಲ್ ರಾವ್ ಡಾಕ್ಟ್ರು ನಮ್ಮೂರಿಗೆ ಬರುತ್ತಿದ್ದ ಕಾಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಧಾರಾವಾಹಿಗಳ ಬಗ್ಗೆ. ಕಾಸರಗೋಡಿನ ಕುಂಬಳೆಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಟಿವಿ ರಿಪೇರಿ ಮಾಡಿದ ನನಗೆ ಇದಕ್ಕಿಂತ ಇಷ್ಟದ ವಿಷಯ ಬೇರೆ ಇಲ್ಲ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

‘ಮಾಲ್ಗುಡಿ ಡೇಸ್’ನಲ್ಲಿ ಬರುವ ಸ್ವಾಮಿಯ ಮನೆ ನಿಜವಾಗಿ ಎಲ್ಲಿದೆ? ಅದು ಹಿಂದಿ ಧಾರಾವಾಹಿ ಆಗಿದ್ದರೂ ನಮ್ಮ ಹಿರಿಯರು ಯಾಕೆ ಅದನ್ನು ಕನ್ನಡದ್ದು ಅಂತಲೇ ಹೇಳುತ್ತಾರೆ?
– ಓದುಗರೊಬ್ಬರು, ಬದಿಯಡ್ಕ

ಮನೆ ಆಗುಂಬೆಯಲ್ಲಿದೆ. ಊರಲ್ಲಿ ದೊಡ್ಡಮನೆ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ರೈಲು ನಿಲ್ದಾಣದ ದೃಶ್ಯಗಳನ್ನು ಶಂಕರ್ ನಾಗ್ ತೆಗೆದದ್ದು ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ. ಆ ಹಳೇ ನಿಲ್ದಾಣ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ.

ಧಾರಾವಾಹಿ 1986ರಲ್ಲಿ ಶುರುವಾದಾಗ ನಾನು ಮಂಗಳೂರಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಮಾತು ಹಿಂದಿ, ಆದರೆ ಮುಖಗಳೆಲ್ಲ ನಮ್ಮವು. ಮಾಸ್ಟರ್ ಮಂಜುನಾಥ್, ವೈಶಾಲಿ ಕಾಸರವಳ್ಳಿ, ರಮೇಶ್ ಭಟ್. ಅಪ್ಪನ ಪಾತ್ರದ ಗಿರೀಶ್ ಕಾರ್ನಾಡ್ ಮನೆಯೊಳಗೆ ಕಾಲಿಟ್ಟರೆ ಸಾಕು, ಸ್ವಾಮಿಯ ಜೊತೆ ನಾವೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆವು. ಹಂಚಿನ ಮಾಡು, ಜಗಲಿ, ಬಿಡದೆ ಸುರಿಯುವ ಮಳೆ. ಇದು ಬೇರೆಯವರ ಊರು ಅಂತ ನಮಗೆ ಒಂದು ದಿನವೂ ಅನ್ನಿಸಲಿಲ್ಲ. ಹಿರಿಯರು ಹೇಳುವುದು ಸರಿಯೇ ಇದೆ.

ಸತೀಶ್ ಶಾ ತೀರಿಕೊಂಡ ಸುದ್ದಿ ಓದಿ ತುಂಬಾ ಬೇಜಾರಾಗಿತ್ತು. ‘ಯೇ ಜೋ ಹೈ ಜಿಂದಗಿ’ ನೀವು ನೋಡಿದ್ದೀರಾ?
– ಓದುಗರೊಬ್ಬರು, ಉಪ್ಪಳ

ನೋಡಿದ್ದೇನೆ, ಎರಡೇ ಕಂತು. ಆದರೆ ನೂರು ಸಲ! ಕೆಲಸ ಕಲಿಸಿದ ಯಜಮಾನರ ಹತ್ತಿರ ಸೆಟ್ ಪರೀಕ್ಷೆ ಮಾಡಲಿಕ್ಕೆ ಒಂದು ವಿಡಿಯೊ ಕ್ಯಾಸೆಟ್ ಇತ್ತು. ಯಾರೋ ಆ ಧಾರಾವಾಹಿಯ ಎರಡು ಕಂತು ಅದರಲ್ಲಿ ರೆಕಾರ್ಡ್ ಮಾಡಿದ್ದರು. ರಿಪೇರಿಯಾದ ಪ್ರತಿ ಸೆಟ್ಟಿನಲ್ಲೂ ಮೊದಲು ಮೂಡುತ್ತಿದ್ದದ್ದು ಸತೀಶ್ ಶಾ ಮುಖ. 1984ರ ಆ ಧಾರಾವಾಹಿಯಲ್ಲಿ ಶಫಿ ಇನಾಮ್‌ದಾರ್, ಸ್ವರೂಪ್ ಸಂಪತ್, ರಾಕೇಶ್ ಬೇಡಿ ಮನೆಯವರು. ಸತೀಶ್ ಶಾ ಮಾತ್ರ ಪ್ರತಿ ಕಂತಿನಲ್ಲೂ ಬೇರೆಯೇ ಮನುಷ್ಯ. ನನ್ನ ಎರಡು ಕಂತಿನಲ್ಲೂ ಅವರು ಒಬ್ಬರೇ ಅಂತ ನನಗೆ ಗೊತ್ತಾದದ್ದು ತಿಂಗಳ ಮೇಲೆ. 2025ರ ಅಕ್ಟೋಬರಿನಲ್ಲಿ ಅವರು ಹೋದ ಸುದ್ದಿ ಬಂದ ದಿನ ನನಗೂ ಊಟ ಸೇರಲಿಲ್ಲ.

ನಾನು ಮಂಜೇಶ್ವರದವಳು, ಮದುವೆಯಾಗಿ ಕಣ್ಣೂರಿನಲ್ಲಿದ್ದೇನೆ. ಮಕ್ಕಳು ಓದಿದ್ದು ಮಲಯಾಳದಲ್ಲಿ, ಕನ್ನಡ ಅರ್ಥ ಆಗುತ್ತದೆ ಅಷ್ಟೆ. ಹಳೆಯ ಹಾಸ್ಯ ಧಾರಾವಾಹಿ ‘ಸಿಲ್ಲಿ ಲಲ್ಲಿ’ ತೋರಿಸಿದರೆ ನಗುವುದೇ ಇಲ್ಲ. ‘ಇದರಲ್ಲಿ ಎಂತ ಉಂಟಮ್ಮಾ?’ ಅಂತ ಕೇಳುತ್ತಾರೆ. ಏನು ಹೇಳಲಿ?
– ಓದುಗರೊಬ್ಬರು, ಕಣ್ಣೂರು

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಒಂದು ರಾತ್ರಿಯ ಕಥೆ ಹೇಳುತ್ತೇನೆ.

ನೀರ್ಚಾಲಿನ ಹತ್ತಿರ ಒಂದು ತೋಟದ ಮನೆ. ಮಳೆಗಾಲ, ಹಿಂದಿನ ದಿನ ಜೋರು ಸಿಡಿಲು. ‘ಟಿವಿ ಹಾಳಾಗಿದೆ, ಬೇಗ ಬನ್ನಿ’ ಅಂತ ಫೋನ್. ನಾನು ಹೋಗಿ ಮುಟ್ಟುವಾಗ ಕತ್ತಲಾಗಿತ್ತು. ಅಂಗಳದಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿಂದ ನಗು ಕೇಳಿಸಿತು. ಸೆಟ್ ಸರಿಯಾಯಿತೇನೋ ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ಪರದೆಯಲ್ಲಿ ಚಿತ್ರವೇ ಇಲ್ಲ. ನಟ್ಟನಡುವೆ ಈ ಬದಿಯಿಂದ ಆ ಬದಿಗೆ ಒಂದು ಬಿಳಿ ಗೆರೆ, ಅಷ್ಟೆ. ಚಿತ್ರವನ್ನು ಮೇಲಿಂದ ಕೆಳಗೆ ಹರಡುವ ಚಿಪ್, ಅಂದರೆ ವರ್ಟಿಕಲ್ ಐಸಿ, ಹೋದರೆ ಹಾಗಾಗುತ್ತದೆ. ಇಡೀ ಚಿತ್ರ ಕುಸಿದು ಒಂದು ಗೆರೆಯಾಗುತ್ತದೆ, ಶಬ್ದ ಮಾತ್ರ ಸರಿಯಾಗಿಯೇ ಬರುತ್ತದೆ. ಆ ಗೆರೆಯ ಮುಂದೆ ಮನೆಯ ಏಳೆಂಟು ಜನ ಕೂತು ‘ಸಿಲ್ಲಿ ಲಲ್ಲಿ’ ಕೇಳುತ್ತಿದ್ದರು. ಅಜ್ಜಿ ಅಡಿಕೆ ಸುಲಿಯುತ್ತಾ ಕಣ್ಣೊರೆಸಿಕೊಂಡು ನಗುತ್ತಿದ್ದರು. ನಾನು ಸ್ವಿಚ್ಚಿಗೆ ಕೈ ಹಾಕಿದ ಕೂಡಲೇ ‘ಅದು ಮುಗಿಯಲಿ ಮಾರಾಯಾ, ಮತ್ತೆ ಬಿಚ್ಚು’ ಅಂದರು. ನಾನೂ ಚೀಲ ಬದಿಗಿಟ್ಟು ಕೂತೆ.

ಅದರಲ್ಲಿ ಡಾಕ್ಟರ್ ಪಾತ್ರ ಮಾಡಿದ ರವಿಶಂಕರ್ ಗೌಡರನ್ನು ಅವತ್ತು ನಾನು ಮೊದಲ ಸಲ ಬರೀ ಕಿವಿಯಲ್ಲಿ ಕೇಳಿದ್ದು. ಡಾಕ್ಟರ್ ವಿಠ್ಠಲ್ ರಾವ್ ಬಾಯಿ ಬಿಟ್ಟರೆ ಮುಖ ನೋಡುವುದೇ ಬೇಡ. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು, ಪೇಷಂಟಿನ ಪ್ರಾಣ ಹೋಗುವಾಗ ಎಷ್ಟು ಮೆಲ್ಲ ಮಾತಾಡಬೇಕು, ಎಲ್ಲ ಗಂಟಲಲ್ಲೇ ಇತ್ತು. ಸಮಾಜ ಸೇವಕಿ ಲಲಿತಾಂಬ ಆಗಿದ್ದ ಮಂಜುಭಾಷಿಣಿಯವರದ್ದೂ ಹಾಗೇ. ಮುಂದೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಬಂಗಾರಮ್ಮ ಆಗಿ ಅವರು ಗದರಿಸುವುದನ್ನು ಕೇಳಿದಾಗ ನನ್ನ ಹೆಂಡತಿ ಅಡಿಗೆ ಮನೆಯಿಂದಲೇ ‘ನಮ್ಮ ಲಲಿತಾಂಬ ಅಲ್ವಾ?’ ಅಂದಳು.

ಇನ್ನು ನಿಮ್ಮ ಮಕ್ಕಳ ಪ್ರಶ್ನೆ. ಅದರಲ್ಲಿ ಎಂತ ಉಂಟು? ನನ್ನ ಪ್ರಕಾರ ಮಾತು ಉಂಟು. ನಾವು ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಬ್ಯಾರಿ, ಶಾಲೆಯಲ್ಲಿ ಪಾಠಪುಸ್ತಕದ ಕನ್ನಡ. ಆ ಕನ್ನಡದಲ್ಲಿ ಪದ್ಯ ಹೇಳಬಹುದು, ಪ್ರಬಂಧ ಬರೆಯಬಹುದು. ಜಗಳ ಮಾಡಲಿಕ್ಕೆ, ಸಾಲ ಕೇಳಲಿಕ್ಕೆ, ಗಂಡನನ್ನು ‘ರೀ’ ಅಂತ ಕರೆದು ಬೈಯಲಿಕ್ಕೆ ಬೇಕಾದ ಕನ್ನಡ ನಮ್ಮ ಮಕ್ಕಳ ಕಿವಿಗೆ ಬಿದ್ದದ್ದು ಈಟಿವಿಯ ಈ ಧಾರಾವಾಹಿಗಳಿಂದ. ನನ್ನ ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಆಟೋದವರ ಹತ್ತಿರ ಧೈರ್ಯವಾಗಿ ಮಾತಾಡಿದ್ದು ‘ಪಾಪ ಪಾಂಡು’ವಿನ ಶ್ರೀಮತಿಯ ಕನ್ನಡದಲ್ಲಿ. ಆ ಪಾತ್ರ ಮಾಡಿದ ಶಾಲಿನಿಯವರಿಗೆ ಇದು ಗೊತ್ತಾದರೆ ಎಷ್ಟು ಸಂತೋಷಪಡುತ್ತಾರೋ!

ಒಮ್ಮೆ ನಮ್ಮ ಕೇಬಲ್‌ನವರು ಈಟಿವಿಯನ್ನು ತೆಗೆದು ಆ ಜಾಗಕ್ಕೆ ಬೇರೆ ಚಾನೆಲ್ ಹಾಕಿದ್ದರು. ‘ಕನ್ನಡ ಎಷ್ಟು ಜನ ನೋಡ್ತಾರೆ?’ ಅಂತ ಅವರ ಮಾತು. ಸಂಜೆಗೆ ಅವರ ಆಫೀಸಿನ ಮುಂದೆ ನಮ್ಮ ಬೀದಿಯ ಹೆಂಗಸರು ಹದಿನೈದು ಜನ ನಿಂತಿದ್ದರು. ಅದರಲ್ಲಿ ಇಬ್ಬರ ಮನೆಮಾತು ಮಲಯಾಳ. ಮರುದಿನ ಪಾಂಡು ವಾಪಸ್ ಬಂದ.

ಹಾಗಾಗಿ ಮಕ್ಕಳಿಗೆ ವಿವರಿಸಲಿಕ್ಕೆ ಹೋಗಬೇಡಿ, ಅಕ್ಕಾ. ಮೊಬೈಲ್ ಅವರ ಕೈಗೆ ಕೊಟ್ಟು ನೀವು ಎದ್ದು ಹೋಗಲೂ ಬೇಡಿ. ಮೊದಲು ‘ಪಾಪ ಪಾಂಡು’ ಹಾಕಿ. ಪಾಂಡು ಆಗಿರುವ ಚಿದಾನಂದ್ ಹೆದರಿ ನಿಲ್ಲುವ ರೀತಿಗೆ ಭಾಷೆ ಬೇಕಾಗಿಲ್ಲ. ಜೊತೆಗೆ ಕೂತು ನೀವು ಜೋರಾಗಿ ನಗಿ. ‘ಸಿಲ್ಲಿ ಲಲ್ಲಿ’ ಆಮೇಲೆ ಇರಲಿ. ಎರಡರ ಹಿಂದೆಯೂ ಇದ್ದವರು ಸಿಹಿಕಹಿ ಚಂದ್ರು, ಒಂದು ಹಿಡಿಸಿದರೆ ಇನ್ನೊಂದೂ ಹಿಡಿಸುತ್ತದೆ.

ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಹಳೆಯ ಡಬ್ಬ ಟಿವಿ ಕೊಡಲು ಒಪ್ಪುವುದಿಲ್ಲ. ಅದರಲ್ಲೇ ಧಾರಾವಾಹಿ ನೋಡಬೇಕಂತೆ. ಸೆಟ್ ಆನ್ ಆಗುತ್ತದೆ, ಆದರೆ ಆಂಟೆನಾದಲ್ಲಿ ಏನೂ ಬರುವುದಿಲ್ಲ. ಗುಜರಿಗೆ ಹಾಕುವುದೇ ಒಳ್ಳೆಯದಲ್ವಾ?
– ಓದುಗರೊಬ್ಬರು, ಪೈವಳಿಕೆ

ದಯವಿಟ್ಟು ಹಾಕಬೇಡಿ. ಆಂಟೆನಾಕ್ಕೆ ಬರುತ್ತಿದ್ದ ಹಳೆಯ ಪ್ರಸಾರ ನಿಂತಿದೆ, ಸೆಟ್ಟಿನ ತಪ್ಪಲ್ಲ. ಹಿಂದೆ ಅಥವಾ ಮುಂದೆ ಹಳದಿ, ಬಿಳಿ, ಕೆಂಪು ತೂತುಗಳು ಇವೆಯಾ ನೋಡಿ. ಹಳದಿ ಚಿತ್ರಕ್ಕೆ, ಉಳಿದೆರಡು ಶಬ್ದಕ್ಕೆ. ಅದೇ ಬಣ್ಣದ ಪಿನ್ ಇರುವ ಸೆಟ್ ಟಾಪ್ ಬಾಕ್ಸ್ ತಂದು ಸಿಕ್ಕಿಸಿ, ಟಿವಿಯನ್ನು ಎವಿ (AV) ಮೋಡಿಗೆ ಹಾಕಿದರೆ ಚಿತ್ರ ಬರುತ್ತದೆ. ಪೆನ್ ಡ್ರೈವ್ ಹಾಕುವ ಬಾಕ್ಸ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಹಳೆಯ ಕಂತುಗಳನ್ನು ತುಂಬಿಸಿ ಕೊಡಬಹುದು.

ಒಂದು ಎಚ್ಚರಿಕೆ. ಧೂಳು ಒರೆಸಲಿಕ್ಕೆ ಅಂತ ಹಿಂದಿನ ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದಿದ್ದರೂ ಪಿಕ್ಚರ್ ಟ್ಯೂಬಿನಲ್ಲಿ ಕರೆಂಟ್ ಉಳಿದಿರುತ್ತದೆ, ಜೋರಾಗಿ ಹೊಡೆಯುತ್ತದೆ.

ಬಾಕ್ಸ್ ತಂದ ಮೇಲೂ ಆಗದಿದ್ದರೆ ಪತ್ರಿಕೆಯ ಆಫೀಸಿಗೆ ತಿಳಿಸಿ. ಪೈವಳಿಕೆಗೆ ನಮ್ಮಲ್ಲಿಂದ ತುಂಬಾ ದೂರವೇನಿಲ್ಲ. ಸಂಜೆ ಧಾರಾವಾಹಿಯ ಹೊತ್ತಿಗೆ ನಾನೇ ಬಂದು ನೋಡುತ್ತೇನೆ.