ಸಿಗ್ನಲ್ ಹಸಿರಾದ ಕೂಡಲೇ ಹಿಂದಿನವರು ಹಾರ್ನ್ ಹೊಡೆಯುವುದೇಕೆ?

ಹಿಂದಿರುವವರಿಗೆ ಹಸಿರು ದೀಪ ಕಾಣುತ್ತದೆ, ಮುಂದಿನವರು ಹೊರಡಲು ಬೇಕಾದ ಸಮಯ ಕಾಣುವುದಿಲ್ಲ. ಅದಕ್ಕೇ ಹಾರ್ನ್. ಬಹುಪಾಲು ಸಲ ಮುಂದೆ ಯಾರೂ ಬೇಕಂತಲೇ ತಡ ಮಾಡುತ್ತಿರುವುದಿಲ್ಲ.

ಸಾಲಿನಲ್ಲಿರುವ ಗಾಡಿಗಳೆಲ್ಲ ಒಟ್ಟಿಗೆ ಹೊರಡಲಾರವು. ಮೊದಲನೆಯವರು ದೀಪ ನೋಡಿ, ಗೇರ್ ಹಾಕಿ, ಬ್ರೇಕ್ ಬಿಡಬೇಕು. ಎರಡನೆಯವರು ಮುಂದೆ ಜಾಗವಾಗುವವರೆಗೆ ಕಾಯಬೇಕು, ಮೂರನೆಯವರು ಎರಡನೆಯವರಿಗಾಗಿ. ಹೀಗೆ ಒಂದೊಂದು ಗಾಡಿಗೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಹಸಿರಾಗಿ 10 ಸೆಕೆಂಡಾದರೂ 10ನೇ ಕಾರು ನಿಂತಲ್ಲೇ ಇರುವುದು ಸಹಜ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಕಡೆ, ಈ ಸಲ ತಪ್ಪಿದರೆ ಮತ್ತೆ ಕೆಂಪು ಎಂಬ ಆತಂಕ ಸೇರಿ ಆ ಹತ್ತೇ ಸೆಕೆಂಡು ತಾಳಲಾರದಷ್ಟಾಗುತ್ತದೆ.

ಹಾರ್ನ್ ಹೊಡೆದರೆ ಸಾಲು ಬೇಗ ಸಾಗುವುದಿಲ್ಲ. ನಿಮ್ಮ ಮುಂದಿನವರಿಗೂ ಹೋಗಲು ಜಾಗವಿಲ್ಲವಲ್ಲ. ನನಗೆ ನಿಜವಾಗಿ ಸಂಕಟವಾಗುವುದು ಇನ್ನೊಂದಕ್ಕೆ: ಹೊಸದಾಗಿ ಸ್ಕೂಟರ್ ಕಲಿತವರು ಆ ಸದ್ದಿಗೆ ಗಾಬರಿಯಾಗಿ, ಇನ್ನೂ ರಸ್ತೆ ದಾಟುತ್ತಿರುವ ವಯಸ್ಸಾದವರನ್ನು ಗಮನಿಸದೆ ನುಗ್ಗಿಬಿಡುತ್ತಾರೆ. ಅನಗತ್ಯ ಹಾರ್ನ್‌ಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮೊದಲ ಸಲ 1000, ಮತ್ತೆ ಮಾಡಿದರೆ 2000 ರೂಪಾಯಿ ದಂಡವೂ ಇದೆ. ಎದುರು ಜಾಗ ಖಾಲಿಯಾದ ಮೇಲೂ ಮುಂದಿನ ಗಾಡಿ ಕದಲದಿದ್ದರೆ ಮಾತ್ರ ಒಮ್ಮೆ ಚಿಕ್ಕದಾಗಿ ಒತ್ತಿ.