ಎರಡನೇ ಸಲ ಓದಿದ್ದು ಲೆಕ್ಕಕ್ಕಿಲ್ಲವೇ?

ಪತ್ರ: ಸಂಪಾದಕರಿಗೆ ನಮಸ್ಕಾರ. ಕಳೆದ ವರ್ಷ ಒಟ್ಟು 38 ಪುಸ್ತಕ ಓದಿದೆ. ತುಂಬಾ ಇಷ್ಟವಾದ ಐದರ ಪಟ್ಟಿ ಕಳಿಸಿದ್ದೇನೆ. ಬಾನು ಮುಷ್ತಾಕ್ ಅವರ ಕಥೆಗಳಿಗೆ ಮೊದಲ ಸ್ಥಾನ. ಉಳಿದ ನಾಲ್ಕೂ 2025ರಲ್ಲೇ ಅಚ್ಚಾದವು. ಡಿಸೆಂಬರಿನಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಆದಾಗ ಅವರಿಗೆ ತರಾಸು ಅವರ ಕಾದಂಬರಿ 'ದುರ್ಗಾಸ್ತಮಾನ' ಪೂರ್ತಿ ಓದಿ ಹೇಳಿದೆ. ಅದು ಕಾಲೇಜಿನಲ್ಲಿ ಓದಿದ್ದೇ, ಹಾಗಾಗಿ ಲೆಕ್ಕಕ್ಕೆ ಹಿಡಿದಿಲ್ಲ. ಒಂದು ದೂರು: ನಿಮ್ಮ ಪತ್ರಿಕೆಯಲ್ಲಿ ಹಳೇ ಪುಸ್ತಕಗಳ ಮಾತೇ ಜಾಸ್ತಿ. ಹೊಸಬರಿಗೂ ಜಾಗ ಕೊಡಿ. — ಒಬ್ಬ ಹೈಸ್ಕೂಲ್ ಶಿಕ್ಷಕಿ, ಚಿತ್ರದುರ್ಗ (ಹೆಸರು ಹಾಕಬೇಡಿ)

ಸಂಪಾದಕರ ಉತ್ತರ:

ಮೇಡಂ, ಮೊದಲು ನಿಮ್ಮ ದೂರು. ಹೊಸಬರಿಗೆ ಜಾಗ ಕೊಡಿ ಅಂದಿದ್ದು ಸರಿಯಾಗೇ ಇದೆ. ಈಗ ಬರೆಯುವವರ ಪುಸ್ತಕ ಕೊಳ್ಳದಿದ್ದರೆ ಮುಂದೆ ಬರೆಯೋರೇ ಇರೋದಿಲ್ಲ. ನಿಮ್ಮ ಪಟ್ಟಿಯಲ್ಲಿ ಮೂರನ್ನು ನಾನೂ ಓದಿದ್ದೇನೆ, ಮೂರೂ ಚೆನ್ನಾಗಿವೆ, ಮುಂದಿನ ಸಂಚಿಕೆಯಲ್ಲಿ ಅವುಗಳ ಪರಿಚಯ ಬರುತ್ತದೆ. ಆದರೆ ನಿಮ್ಮ ಪತ್ರವನ್ನು ಕೆಳಗಿಡಲು ಬಿಡದೇ ಇದ್ದದ್ದು ಆ ಐದು ಪುಸ್ತಕಗಳಲ್ಲ. ನೀವು ಕೈಬಿಟ್ಟ ಆರನೆಯದು.

ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿದೆ. ಪೇಪರ್ ಕೂಡ ಹಿಡಿಯೋ ಹಾಗಿಲ್ಲ. ಮಗಳು ಸ್ಕೂಲು ಮುಗಿಸಿ ಬಂದು, ಪಕ್ಕದಲ್ಲಿ ಕೂತು, ಅಷ್ಟು ದಪ್ಪದ ಕಾದಂಬರಿಯನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಗಟ್ಟಿಯಾಗಿ ಓದಿದ್ದಾಳೆ. ಎಷ್ಟು ಸಂಜೆ ಹಿಡಿಯಿತು, ಎಷ್ಟು ಸಲ ಗಂಟಲು ಕಟ್ಟಿತು, ಅಪ್ಪ ಎಲ್ಲಿ ತಡೆದು 'ಇನ್ನೊಂದು ಸಲ ಓದು' ಅಂದರು, ಒಂದೂ ಬರೆದಿಲ್ಲ ನೀವು. ಅದೂ ಚಿತ್ರದುರ್ಗದಲ್ಲಿ ಕೂತು, ಮಹಡಿ ಹತ್ತಿದರೆ ಕೋಟೆ ಕಾಣುವ ಊರಿನಲ್ಲಿ! ಇಷ್ಟೆಲ್ಲ ಆದ ಮೇಲೆ 'ಲೆಕ್ಕಕ್ಕೆ ಹಿಡಿದಿಲ್ಲ' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಯಾರ ಲೆಕ್ಕ ಮೇಡಂ ಇದು?

ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ಗದರಿಸುತ್ತೇನೆ. ಜನವರಿ ಒಂದಕ್ಕೆ 'ಈ ವರ್ಷ ಐವತ್ತು ಪುಸ್ತಕ' ಅಂತ ಗುರಿ ಇಟ್ಟುಕೊಳ್ಳೋದು, ಡಿಸೆಂಬರಿನಲ್ಲಿ ಇನ್ನೂ ಆರು ಬಾಕಿ ಅಂತ ತೆಳ್ಳನೆಯ ಪುಸ್ತಕ ಹುಡುಕೋದು, ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಫೋಟೋ ಹಾಕೋದು. ಇದು ಈಗ ಎಲ್ಲ ಕಡೆ ನಡೆದಿದೆ. ಓದೋರು ಕಡಿಮೆ ಇರುವ ಕಾಲದಲ್ಲಿ ಹೇಗಾದರೂ ಓದಲಿ ಅಂತ ನಾನೂ ಸುಮ್ಮನಿದ್ದೆ. ಆದರೆ ಈ ಲೆಕ್ಕದ ಮೊದಲ ಪೆಟ್ಟು ಬೀಳೋದು ಮರು ಓದಿನ ಮೇಲೆ. ಮತ್ತೆ ಓದಿದರೆ ಸಂಖ್ಯೆ ಏರೋದಿಲ್ಲ, ಅಲ್ವಾ? ನಿಮ್ಮಂಥ ಒಳ್ಳೆಯ ಓದುಗರೂ ಅದೇ ಲೆಕ್ಕಕ್ಕೆ ಬಿದ್ದಿದ್ದು ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಸರಿ, ನಿಮ್ಮ ವರ್ಷದ ಲೆಕ್ಕವನ್ನೇ ನೋಡೋಣ. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ದೀಪಾ ಭಾಸ್ತಿ ಅವರ ಅನುವಾದ. ಅದರಲ್ಲಿ 12 ಕಥೆಗಳಿವೆ, 1990ರಿಂದ 2023ರ ನಡುವೆ ಬರೆದಂಥವು. ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚಿನ ಬರವಣಿಗೆ. ಅದನ್ನು 'ಕಳೆದ ವರ್ಷದ ಪುಸ್ತಕ' ಅನ್ನೋದು ಹೇಗೆ? ಅವರ ಕಥೆಗಳನ್ನು ಕನ್ನಡದಲ್ಲಿ ಬಂದ ಕಾಲಕ್ಕೇ ಓದಿದವರಿದ್ದಾರೆ. ಬಹುಮಾನದ ಸುದ್ದಿ ಬಂದ ಮೇಲೆ ಅವರೆಲ್ಲ ಮತ್ತೆ ತೆಗೆದು ಓದಿದರು. ನಾನೂ ಓದಿದೆ. ಮೊದಲ ಸಲ ಓದಿದಾಗ ಆ ಕಥೆಗಳ ಹೆಂಗಸರಿಗೆ ಆಗುವ ಅನ್ಯಾಯ ನೋಡಿ ಸಿಟ್ಟು ಬಂದಿತ್ತು, ಬೇರೇನೂ ಕಂಡಿರಲಿಲ್ಲ. ಈ ಸಲ ಅವರ ಮಾತು ಕೇಳಿಸಿತು. ಕನ್ನಡದ ನಡುವೆ ಮನೆಮಾತಿನ ಉರ್ದು ಹೇಗೆ ಸಲೀಸಾಗಿ ಬಂದು ಹೋಗುತ್ತದೆ ನೋಡಿ, ಬಾನು ಅವರ ಊರಾದ ಹಾಸನದ ಬೀದಿಯಲ್ಲಿ ನಿಂತು ಕೇಳಿದ ಹಾಗೆ.

ಈಗ ದುರ್ಗಾಸ್ತಮಾನಕ್ಕೆ ಬರೋಣ. ತರಾಸು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಮನೆತನ ಚಳ್ಳಕೆರೆ ಕಡೆಯ ತಳುಕಿನದು. 1997ರಲ್ಲಿ ಜಿಲ್ಲೆ ಎರಡಾದ ಮೇಲೆ ಮಲೇಬೆನ್ನೂರು ದಾವಣಗೆರೆಗೆ ಬಂತು, ತಳುಕು ಚಿತ್ರದುರ್ಗದಲ್ಲೇ ಉಳಿಯಿತು. ಹಾಗಾಗಿ ಅವರು ನಿಮಗೂ ಸೇರಿದವರು, ನಮಗೂ ಸೇರಿದವರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಅಂತ ದುರ್ಗದ ನಾಯಕರ ಮೇಲೆ ಒಂದಾದ ಮೇಲೊಂದು ಕಾದಂಬರಿ ಬರೆದು, ಕೊನೆಗೆ ಮದಕರಿನಾಯಕನ ಪತನಕ್ಕೆ ಕೈ ಹಾಕಿದರು. ಪುಸ್ತಕ ಬಂದದ್ದು 1982ರಲ್ಲಿ. ತರಾಸು 1984ರಲ್ಲಿ ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.

ಆ ಹೆಸರನ್ನೇ ನೋಡಿ. ಅಸ್ತಮಾನ ಅಂತ ರಟ್ಟಿನ ಮೇಲೇ ಬರೆದಿದ್ದಾರೆ. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು ಅನ್ನೋದು ದುರ್ಗದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಕೊನೆಗೆ ಏನಾಗುತ್ತದೆ ಅಂತ ತಿಳಿಯೋಕೆ ಯಾರೂ ಈ ಪುಸ್ತಕ ಹಿಡಿಯೋದಿಲ್ಲ. ಅಂದ ಮೇಲೆ ಇದನ್ನು ಮೊದಲ ಸಲ ಓದೋರೂ ಒಂದು ರೀತಿಯಲ್ಲಿ ಎರಡನೇ ಸಲವೇ ಓದುತ್ತಿರುತ್ತಾರೆ. ಕೊನೆ ಗೊತ್ತಿದ್ದೂ ಪುಟ ತಿರುವುತ್ತೇವೆ. ಎಲ್ಲಿ ತಪ್ಪಿತು, ಯಾರು ಕೈಬಿಟ್ಟರು, ಯಾವ ಗಳಿಗೆಯಲ್ಲಿ ಬೇರೆ ದಾರಿ ಇತ್ತು ಅಂತ ಹುಡುಕುತ್ತೇವೆ. ನಾನು ಹದಿನೆಂಟರಲ್ಲಿ ಓದಿದಾಗ ಕತ್ತಿ ಕುದುರೆಯ ಪುಟಗಳನ್ನೇ ಹುಡುಕಿಕೊಂಡು ಹೋದೆ. ಮೂವತ್ತು ದಾಟಿದ ಮೇಲೆ ಓದಿದಾಗ ಮದಕರಿಯ ಒಂಟಿತನ ಕಂಡಿತು. ಸಿಂಹಾಸನದ ಮೇಲೆ ಕೂತಾಗ ಅವನಿನ್ನೂ ಹುಡುಗ ಅನ್ನೋದು ನನ್ನ ಮಗ ಎದೆಯೆತ್ತರ ಬೆಳೆದ ಮೇಲೇ ನನಗೆ ಹೊಳೆದದ್ದು.

ನಮ್ಮ ಮನೆಯ ಪ್ರತಿ ನನ್ನ ತಂದೆಯದು. ಅವರು ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದರು. ಇಡೀ ದಿನ ಇನ್ನೊಬ್ಬರ ಲೆಕ್ಕ ಬರೆದು, ರಾತ್ರಿ ಊಟವಾದ ಮೇಲೆ ಪುಸ್ತಕ ಹಿಡಿಯುತ್ತಿದ್ದರು. ಬಾಡಿಗೆ ಲೈಬ್ರರಿಯಿಂದ ತಂದದ್ದಾದರೆ ದಿನಕ್ಕಿಷ್ಟು ಅಂತ ಕಾಸು, ಹಾಗಾಗಿ ಓಡೋಡಿ ಓದಬೇಕು. ಇದೊಂದನ್ನು ಮಾತ್ರ ದುಡ್ಡು ಕೂಡಿಸಿ ಕೊಂಡರು. ಅಮ್ಮ ಮೈದಾ ಅಂಟು ಕಾಯಿಸಿ, ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಅದಕ್ಕೆ ಹೊದಿಕೆ ಹಾಕಿದಳು. ಕೊನೇ ಪುಟದ ಕೆಳಗೆ, ಖಾಲಿ ಜಾಗದಲ್ಲಿ, ಅಪ್ಪ ಓದಿ ಮುಗಿಸಿದ ದಿನವನ್ನು ಬರೆದಿಡುತ್ತಿದ್ದರು. ಒಟ್ಟು ಐದು ತಾರೀಖುಗಳಿವೆ. ಮೊದಲೆರಡು ಇಂಕ್ ಪೆನ್ನಿನವು, ಲೆಕ್ಕದ ಪುಸ್ತಕದಲ್ಲಿ ಬರೆದ ಹಾಗೆ ದುಂಡಗೆ, ನೇರ. ಆಮೇಲಿನವು ಬಾಲ್ ಪೆನ್ನು. ಐದನೆಯದರ ಅಂಕಿ ಸೊಟ್ಟಗಾಗಿದೆ, ಕೈ ನಡುಗಿದ್ದು ಕಾಣುತ್ತದೆ. ಅದರ ಮುಂದೆ 'ಅರ್ಧ' ಅಂತ ಬರೆದಿದ್ದಾರೆ. ಆ ಪುಟ ನಮ್ಮ ಮನೆಯಲ್ಲಿ ಇರುವತನಕ ಮರು ಓದು ಲೆಕ್ಕಕ್ಕಿಲ್ಲ ಅನ್ನೋ ಮಾತನ್ನು ನಾನು ಒಪ್ಪೋದು ಸಾಧ್ಯವಿಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲಿ ಶ್ರಾವಣದಲ್ಲಿ ಪುರಾಣ ಹಚ್ಚುತ್ತಾರೆ. ನಿಮಗೂ ಗೊತ್ತಿರುತ್ತದೆ. ಗುಡಿಯ ಕಟ್ಟೆ ಮೇಲೆ ಒಬ್ಬರು ಓದೋದು, ಇನ್ನೊಬ್ಬರು ಅರ್ಥ ಹೇಳೋದು. ಬಸವಪುರಾಣವನ್ನು ಭೀಮಕವಿ ಬರೆದು ಮುಗಿಸಿದ್ದು 1369ರಲ್ಲಿ. ಅಂದಿನಿಂದ ಎಷ್ಟು ಶ್ರಾವಣ ಕಳೆದಿವೆ ಲೆಕ್ಕ ಹಾಕಿ. 'ಹೋದ ವರ್ಷ ಕೇಳಿದ್ದೇ ಅಲ್ಲವಾ' ಅಂತ ಒಬ್ಬ ಮುದುಕಿಯೂ ಎದ್ದು ಹೋಗಿದ್ದನ್ನು ನಾನು ನೋಡಿಲ್ಲ. ಕಥೆ ಗೊತ್ತಿರೋದಕ್ಕೇ ಬರುತ್ತಾರೆ. ಓದುವವರು ಎಲ್ಲೋ ಒಂದು ಸಾಲು ಹಾರಿಸಿದರೆ ಕೆಳಗೆ ಕೂತವರೇ ಹಿಡಿದು ಹೇಳುತ್ತಾರೆ. ವಚನಗಳನ್ನಂತೂ 'ಓದಿ ಮುಗಿಸಿದೆ' ಅನ್ನೋ ಮಾತೇ ನಮ್ಮಲ್ಲಿಲ್ಲ.

ಇನ್ನೊಂದು ಹೇಳಬೇಕು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮೊದಲ ಸಲ ಓದಿದಾಗ ಅಷ್ಟೊಂದು ಜನರ ಹೆಸರಿನಲ್ಲೇ ಕಳೆದುಹೋಗಿದ್ದೆ. ಯಾರು ಯಾವ ಮನೆಯವರು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡು ಹೇಗೋ ದಡ ಮುಟ್ಟಿದೆ. ಎರಡನೇ ಸಲ ಚೀಟಿ ಬೇಕಾಗಲಿಲ್ಲ. ಗುತ್ತಿ ಎಲ್ಲಿಗೆ ಹೋದರೂ ಹಿಂದೆ ಬರುವ 'ಹುಲಿಯ' ಅನ್ನೋ ನಾಯಿಯನ್ನೇ ನೋಡುತ್ತಾ ಹೋದೆ, ಕೊನೆಗೆ ತುಂಗೆಯ ಹತ್ತಿರ ಬಂದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಎದ್ದು ಹೋಗಬೇಕಾಯಿತು. ಮೊದಲ ಸಲ ಆ ನಾಯಿಯನ್ನು ನಾನು ಗಮನಿಸಿಯೇ ಇರಲಿಲ್ಲ.

ಆದರೆ ಮತ್ತೆ ಓದಬೇಕು ಅಂದರೆ ಪುಸ್ತಕ ಕೈಗೆ ಸಿಗಬೇಕಲ್ಲ? ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ಗ್ರಂಥಾಲಯಕ್ಕೆ ತರಾಸು ಕಾದಂಬರಿ ಕೇಳಿಕೊಂಡು ಹೋಗಿದ್ದೆ. ಕಪಾಟಿನಲ್ಲಿ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಹಗ್ಗ ಕಟ್ಟಿ ಒಟ್ಟಿದ ರಾಶಿಯಲ್ಲಿ ಸಿಕ್ಕಿತು. ಬೆನ್ನು ಕಿತ್ತುಹೋಗಿತ್ತು. ಒಳಗೆ ಅಂಟಿಸಿದ ಚೀಟಿಯ ತುಂಬಾ ತಾರೀಖಿನ ಸೀಲುಗಳು, ಎರಡೂ ಪಕ್ಕ, ಜಾಗ ಸಾಲದೆ ಇನ್ನೊಂದು ಚೀಟಿ ಅಂಟಿಸಿದ್ದರು. ಅಷ್ಟು ಜನ ಓದಿ ಸವೆದ ಪುಸ್ತಕ ಅದು. ಅದಕ್ಕೆ ಬೈಂಡಿಂಗ್ ಮಾಡಿಸಬೇಕಿತ್ತು. ರದ್ದಿಗೆ ಹಾಕೋಕೆ ಕಟ್ಟಿದ್ದರು.

ನಾವೆಲ್ಲ ಇದಕ್ಕೆ ದುಡ್ಡು ಕೊಡುತ್ತೇವೆ ಮೇಡಂ. ಮನೆ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಬೇರೆಯೇ ಹಾಕಿರುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದ ಕರ ಇದು, ಆಸ್ತಿ ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ವಸೂಲು ಮಾಡೋದು ಸ್ಥಳೀಯ ಸಂಸ್ಥೆಗಳು, ಅವು ಅದನ್ನು ಗ್ರಂಥಾಲಯಕ್ಕೆ ದಾಟಿಸಬೇಕು. ಬಾಕಿ ಉಳಿಸಿಕೊಂಡಿದ್ದಾರೆ ಅನ್ನೋ ಸುದ್ದಿ ವರ್ಷ ವರ್ಷ ಪೇಪರಿನಲ್ಲಿ ಬರುತ್ತಲೇ ಇದೆ. ಬಂದ ದುಡ್ಡಿನಲ್ಲೂ ಹೊಸ ಪುಸ್ತಕದ ಸಗಟು ಖರೀದಿಯ ಮಾತೇ ದೊಡ್ಡದು, ಅದು ಬೇಕು, ಪ್ರಕಾಶಕರು ಬದುಕಬೇಕು. ಹಳೆಯದಕ್ಕೆ ಸೂಜಿ ದಾರ ಅಂಟು ಯಾರು ಕೊಡುತ್ತಾರೆ? ನಲವತ್ತು ವರ್ಷದ ಹಿಂದಿನ ಒಳ್ಳೆಯ ಕಾದಂಬರಿಯ ಪ್ರತಿಗೆ ಊರೂರು ಅಲೆಯಬೇಕು. ನಮ್ಮ ಪತ್ರಿಕೆ ಹಳೇ ಪುಸ್ತಕಗಳ ಬಗ್ಗೆ ಬರೆಯೋದು ಇದಕ್ಕೇ. ಯಾರೋ ಒಬ್ಬರು ಕೇಳಿಕೊಂಡು ಹೋದರೆ ಹಗ್ಗ ಬಿಚ್ಚುತ್ತಾರೆ.

ನೀವು ಟೀಚರ್. ನಿಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್ 'ದುರ್ಗಾಸ್ತಮಾನ'ವನ್ನೇ ಗಟ್ಟಿಯಾಗಿ ಓದಿ ಹೇಳಿ. ಅಪ್ಪನಿಗೆ ಓದಿದ ಗಂಟಲು ಪಳಗಿರುತ್ತದೆ. ಕೋಟೆಯ ಓಬವ್ವನ ಕಿಂಡಿ, ತಣ್ಣೀರು ದೋಣಿ, ಗೋಪಾಲಸ್ವಾಮಿ ಹೊಂಡ ಎಲ್ಲ ಆ ಮಕ್ಕಳು ಆಡಿ ಬೆಳೆದ ಜಾಗಗಳು. ಅವರು ಏನು ಕೇಳಿದರು, ಎಲ್ಲಿ ಸುಮ್ಮನಾದರು ಅಂತ ಬರೆದು ಕಳಿಸಿ, ಎರಡು ಪುಟ ಇಟ್ಟಿರುತ್ತೇನೆ. ಅಪ್ಪ ಎಲ್ಲಿ ತಡೆದರು ಅನ್ನೋದನ್ನೂ ಬರೀರಿ.

ನಿಮ್ಮ ಐದರ ಪಟ್ಟಿಯನ್ನು ಇದೇ ಸಂಚಿಕೆಯಲ್ಲಿ ಹಾಕಿದ್ದೇವೆ. ಆರನೆಯದನ್ನು ನಾನೇ ಸೇರಿಸಿದ್ದೇನೆ, ಎಲ್ಲಕ್ಕಿಂತ ಮೇಲೆ. ನಿಮ್ಮನ್ನು ಕೇಳದೆ ಸೇರಿಸಿದೆ. ತಪ್ಪು ಅನ್ನಿಸಿದರೆ ಮತ್ತೊಂದು ಪತ್ರ ಬರೀರಿ, ಅದನ್ನೂ ಅಚ್ಚು ಹಾಕುತ್ತೇನೆ.