ಅಳಿವೆ ದಡದ ಸೊಪ್ಪು: ತೊಳೆದರೂ ಉಪ್ಪು ಹೋಗದ್ದಕ್ಕೆ

ಉಡುಪಿ ಬಳಿಯ ಕೋಡಿಬೆಂಗ್ರೆ ಕಡೆಯಿಂದ ತಂದ ದಪ್ಪ ಎಲೆಯ ಸೊಪ್ಪನ್ನು ನಾಲ್ಕು ಸಲ ತೊಳೆದರೂ ಪಲ್ಯ ಉಪ್ಪಾಯಿತು, ಗಂಟಲೂ ಕೆರೆಯಿತು ಅಂದಿದ್ದೀರಿ. ಕೆಂಪು ಕಾಂಡ, ಎದುರುಬದುರು ಎಲೆ, ನಕ್ಷತ್ರದಂಥ ಗುಲಾಬಿ ಹೂ, ಗೆಣ್ಣಿನಲ್ಲಿ ಬೇರು ಇದ್ದರೆ ಅದು ಸೆಸುವಿಯಂ ಪೋರ್ಟುಲಕಾಸ್ಟ್ರಮ್ ಎಂಬ ಉಪ್ಪುನೆಲದ ಗಿಡ. ತಿನ್ನಬಹುದು. ಹೂ ಹಳದಿಯಾದರೆ ಗೋಣಿಸೊಪ್ಪು ಇರಬಹುದು, ಅದೂ ಅಡುಗೆಯದೇ. ಮುರಿದಾಗ ಬಿಳಿ ಹಾಲು ಬಂದರೆ ಬಿಸಾಡಿ.

ಉಪ್ಪು ಎಲೆಯ ಮೇಲಿಲ್ಲ, ಜೀವಕೋಶದೊಳಗಿನ ರಸದಲ್ಲಿದೆ. ಹಾಗಾಗಿ ತೊಳೆದು ಪ್ರಯೋಜನವಿಲ್ಲ. ಕೆರೆತ ಹೆಚ್ಚಾಗಿ ಆಕ್ಸಲೇಟಿನದು, ಅಂದರೆ ಸೊಪ್ಪುಗಳಲ್ಲಿ ಸಹಜವಾಗಿರುವ ಆಕ್ಸಾಲಿಕ್ ಆಮ್ಲದ ಲವಣದ್ದು. ಎರಡೂ ನೀರಿಗೆ ಬಿಡುತ್ತವೆ, ಆದರೆ ಎಲೆ ಇಡಿಯಾಗಿದ್ದರೆ ನಿಧಾನ. ಎಳೆ ಕುಡಿ ಮಾತ್ರ ಚಿವುಟಿ, ಸಣ್ಣಗೆ ಹೆಚ್ಚಿ, ಕಾಲು ಕೆಜಿಗೆ ಒಂದೂವರೆ ಲೀಟರ್ ಕುದಿಯುವ ನೀರಿನಲ್ಲಿ 3 ನಿಮಿಷ ಬೇಯಿಸಿ, ಬಸಿದು ಚೆಲ್ಲಿ. ಹೊಸ ನೀರಲ್ಲಿ ಇನ್ನೊಮ್ಮೆ. ಬಸಿದ ನೀರನ್ನು ಸಾರಿಗೆ ಹಾಕುವ ಅಭ್ಯಾಸ ಇಲ್ಲಿ ಬೇಡ. ವಿಟಮಿನ್ ಸಿ ಒಂದಿಷ್ಟು ಹೋಗುತ್ತದೆ, ನಾರು ಮತ್ತು ಕ್ಯಾರೊಟಿನ್ ಬಹುಪಾಲು ಉಳಿಯುತ್ತವೆ. ಉಪ್ಪು ಕೊನೆಯಲ್ಲಿ, ರುಚಿ ನೋಡಿದ ಮೇಲೆ. ಬಹಳ ಸಲ ಬೇಕಾಗುವುದೇ ಇಲ್ಲ.

ಪಲ್ಯಕ್ಕಿಂತ ತಂಬುಳಿ ವಾಸಿ ಅನ್ನುವೆ. ಹೀಗೆ ಬೇಯಿಸಿ ಹಿಂಡಿದ ಸೊಪ್ಪು ಒಂದು ಮುಷ್ಟಿ, ಕಾಯಿತುರಿ ಎರಡು ಚಮಚ, ಜೀರಿಗೆ, ಒಂದು ಹಸಿಮೆಣಸು ರುಬ್ಬಿ ಒಂದು ಲೋಟ ಮೊಸರಿಗೆ ಬೆರೆಸಿ. ಮೊಸರಿನ ಕ್ಯಾಲ್ಸಿಯಂ ಉಳಿದ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ.

ಈ ಗಿಡ ಕ್ಯಾಡ್ಮಿಯಂ, ಸೀಸಗಳನ್ನೂ ಮಣ್ಣಿನಿಂದ ಹೀರುತ್ತದೆ. ಅವು ಬೇಯಿಸಿದರೆ ಹೋಗುತ್ತವೆ ಅಂತ ನಂಬಬೇಡಿ. ದೋಣಿ ರಿಪೇರಿ ಜಾಗ, ಬಂದರಿನ ದಕ್ಕೆ (ದೋಣಿ ನಿಲ್ಲುವ ಕಟ್ಟೆ), ಚರಂಡಿ ಸೇರುವ ಕಡೆ ಕೀಳಲೇಬೇಡಿ. ಕಿಡ್ನಿ ಕಲ್ಲು ಅಥವಾ ಬಿಪಿ ಇದ್ದವರಿಗೆ ಬಡಿಸಬೇಡಿ.